ಹೆಸರು ಗೊತ್ತು, ಬರುವ ದಿನ ಗೊತ್ತಿಲ್ಲ

ನಿರಾಶ್ರಿತರಿಗೆ ನೆಲೆ ಒದಗಿಸುವುದು ಸರ್ಕಾರದ ಕೆಲಸ ಎಂಬುದು ಸಾಮಾನ್ಯ ತಿಳಿವಳಿಕೆ. ಕೆನಡಾ ಈ ಹೊಣೆಯಲ್ಲಿ ನಾಗರಿಕರಿಗೂ ಪಾಲು ಕೊಟ್ಟಿತು. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ಗಳಿಂದ 1979 ಮತ್ತು 1980ರಲ್ಲಿ ಅಲ್ಲಿಗೆ ಬಂದ ಸುಮಾರು 60,000 ಮಂದಿಯ ಪೈಕಿ ಅರ್ಧಕ್ಕಿಂತ ಹೆಚ್ಚು ಜನರ ಹೊಣೆ ಹೊತ್ತವರು ಚರ್ಚುಗಳು, ಸಂಘಗಳು, ನೆರೆಹೊರೆಯವರು. ಐವರು ಸೇರಿ ಒಂದು ಕುಟುಂಬವನ್ನು ಕರೆಸಿಕೊಂಡು, ಒಂದು ವರ್ಷ ಅದರ ಬದುಕಿಗೆ ಆಸರೆಯಾಗುವ ಅವಕಾಶವನ್ನೂ ಈ ವ್ಯವಸ್ಥೆ ಕಲ್ಪಿಸಿತು. 1986ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ನಾನ್ಸೆನ್ ಪದಕ ಸಂದದ್ದು ಕೆನಡಾದ ಜನತೆಗೆ.

ಈ ಕೆಲಸದಲ್ಲಿ ಹಣ ಕೂಡಿಸುವುದಕ್ಕಿಂತ ಕಷ್ಟವಾದದ್ದು ಕಾಯುವುದು. ಸ್ವಯಂಸೇವಕರ ಕೈಯಲ್ಲಿ ಕುಟುಂಬದ ಸದಸ್ಯರ ಹೆಸರು, ವಯಸ್ಸುಗಳ ಪಟ್ಟಿಯಿರುತ್ತದೆ. ಬರುವ ದಿನಾಂಕ ಇರುವುದಿಲ್ಲ. ಭದ್ರತಾ ತಪಾಸಣೆ, ವೈದ್ಯಕೀಯ ಪರೀಕ್ಷೆ, ದೇಶ ಬಿಡುವ ಅನುಮತಿ ಇವೆಲ್ಲವೂ ಮುಗಿಯಬೇಕು. ಒಂದು ತಡವಾದರೆ ಇನ್ನೊಂದರ ಅವಧಿ ತೀರುತ್ತದೆ. ಈ ನಡುವೆ ಮಗು ಹುಟ್ಟಿದರೆ ಕಾಗದಪತ್ರಗಳು ಬದಲಾಗಬೇಕು. ಬಾಡಿಗೆ ಮನೆಯನ್ನು ಮೊದಲೇ ಹಿಡಿದರೆ ಕೂಡಿಸಿದ ಹಣ ಖಾಲಿ ಮನೆಗೆ ಸೋರಿಹೋಗುತ್ತದೆ. ತಡಮಾಡಿದರೆ ಬಂದವರಿಗೆ ಸೂರೇ ಇರುವುದಿಲ್ಲ. ಚಳಿಗಾಲದ ಕೋಟು ಕೊಳ್ಳೋಣವೆಂದರೆ, ಬರುವ ಹೊತ್ತಿಗೆ ಆ ಹುಡುಗ ಎಷ್ಟು ಬೆಳೆದಿರುತ್ತಾನೋ!

ಹಾಗಾದರೆ ಮಾಡಬಹುದಾದದ್ದೇನು? ಹತ್ತಿರದ ಶಾಲೆ, ವೈದ್ಯರು, ದುಭಾಷಿ, ಬಸ್ಸಿನ ಮಾರ್ಗ ಇವುಗಳನ್ನು ಗುರುತಿಸಿಟ್ಟುಕೊಳ್ಳಬಹುದು. ಉಳಿದದ್ದನ್ನು ಬರುವವರ ಆಯ್ಕೆಗೆ ಬಿಡುವುದೇ ವಿವೇಕ. ಅಡುಗೆಮನೆ ಹೇಗಿರಬೇಕು, ಯಾವ ಕೆಲಸ ಹಿಡಿಯಬೇಕು ಎಂಬುದು ಅವರ ತೀರ್ಮಾನ. ಎಲ್ಲವನ್ನೂ ಮೊದಲೇ ನಿಶ್ಚಯಿಸುವ ಉಪಕಾರ ಯಜಮಾನಿಕೆಯಾಗಿ ಬದಲಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಆದರೆ ಯಾವ ಸಿದ್ಧತೆಗೂ ನಿಲುಕದ ಅನಿಶ್ಚಿತತೆಯೊಂದಿದೆ. ಅಮೆರಿಕವು 2023ರ ಜನವರಿಯಲ್ಲಿ ‘ವೆಲ್‌ಕಮ್ ಕೋರ್’ ಹೆಸರಿನಲ್ಲಿ ಇಂಥದೇ ಯೋಜನೆ ಆರಂಭಿಸಿತು. ಎರಡೇ ವರ್ಷಗಳಲ್ಲಿ, 2025ರ ಜನವರಿಯಲ್ಲಿ, ಹೊಸ ಅಧ್ಯಕ್ಷರ ಆದೇಶ ನಿರಾಶ್ರಿತರ ಪ್ರವೇಶವನ್ನೇ ತಡೆಯಿತು. ಪ್ರಯಾಣ ನಿಗದಿಯಾಗಿದ್ದವರ ಟಿಕೆಟ್ಟುಗಳೂ ರದ್ದಾದವು. ಕೆನಡಾ ಕೂಡ 2024ರ ನವೆಂಬರ್‌ನಲ್ಲಿ ಐವರ ಗುಂಪುಗಳಿಂದ ಹೊಸ ಅರ್ಜಿ ಸ್ವೀಕರಿಸುವುದನ್ನು ನಿಲ್ಲಿಸಿತು.

ಎಷ್ಟು ಮಂದಿಗೆ ಆಶ್ರಯ ನೀಡಬೇಕೆಂದು ನಿರ್ಧರಿಸುವ ಅಧಿಕಾರ ಸರ್ಕಾರಗಳಿಗಿದೆ. ಆದರೆ ಹೊಸ ಅರ್ಜಿ ಬೇಡವೆನ್ನುವುದು ಒಂದು, ತಪಾಸಣೆಗಳನ್ನೆಲ್ಲ ದಾಟಿ ಗಂಟುಮೂಟೆ ಕಟ್ಟಿದವರನ್ನು ತಡೆಯುವುದು ಇನ್ನೊಂದು. ಸ್ವಯಂಸೇವಕರು ಕೂಡಿಸಿದ ಹಣ, ಸಾಮಾನು ಇನ್ನೊಬ್ಬರಿಗಾದರೂ ಒದಗೀತು. ಇದ್ದಬದ್ದದ್ದನ್ನು ಮಾರಿ ಹೊರಟು ನಿಂತ ಕುಟುಂಬಕ್ಕೆ ಹಿಂದಿರುಗಲು ಮನೆಯಿಲ್ಲ. ನೀತಿ ಬದಲಾಗಲಿ, ಕೊಟ್ಟ ಮಾತು ಬದಲಾಗಬಾರದು.