ಬಾಡಿಗೆ ಹೆಚ್ಚಿಸಲು ಬಾಯಿಮಾತು ಸಾಕೇ?



"ಸಿಸ್ಟರ್, ಮನಿ ಮಾಲಕ್ರು ಮುಂದಿನ ತಿಂಗಳಿಂದ ಐನೂರು ಹೆಚ್ಚು ಕೊಡ್ರಿ, ಇಲ್ಲಂದ್ರ ಖಾಲಿ ಮಾಡ್ರಿ ಅಂದಾರ. ಸಂಘದಾಗ ಸಾಲ ಸಿಗ್ತದೇನ್ರಿ?" ಜೇವರ್ಗಿಯ ಸಂಘಗಳ ಸಭೆಗೆ ಹೋದಾಗ ಇಂಥ ಮಾತು ನಮ್ಮ ಕಿವಿಗೆ ಬೀಳುತ್ತದೆ. ಮಕ್ಕಳ ಶಾಲೆಗಾಗಿ, ಕೂಲಿಗಾಗಿ ಹಳ್ಳಿಯಿಂದ ಬಂದು ಪಟ್ಟಣದಲ್ಲಿ ಒಂದು ಖೋಲಿ ಹಿಡಿದವರಿಗೆ ಐನೂರು ಸಣ್ಣ ಮೊತ್ತವಲ್ಲ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 500 ರೂಪಾಯಿ ಎಂದರೆ ವರ್ಷಕ್ಕೆ 6000. ವಾರಕ್ಕೆ 20 ರೂಪಾಯಿ ಕಟ್ಟುವ ಸದಸ್ಯೆಯ ವರ್ಷದ ಉಳಿತಾಯ 1040 ರೂಪಾಯಿ. ಅಂದರೆ ಹೆಚ್ಚು ಕಡಿಮೆ ಆರು ಜನರ ಉಳಿತಾಯ ಒಬ್ಬರ ಬಾಡಿಗೆ ಏರಿಕೆಗೇ ಹೋಯಿತು! ಆದ್ದರಿಂದ ಸಾಲ ಕೇಳುವ ಮೊದಲು, ಆ ಏರಿಕೆ ಕೇಳಲು ಮಾಲೀಕರಿಗೆ ಹಕ್ಕು ಇದೆಯೇ ಎಂದು ಕೇಳಬೇಕು.

ಕರಾರಿನ ಅವಧಿಯೊಳಗೆ ಹೆಚ್ಚಿಸಬಹುದೇ?

ಇಲ್ಲ. ಕರಾರು ಪತ್ರದಲ್ಲಿ 11 ತಿಂಗಳಿಗೆ ಇಷ್ಟು ಬಾಡಿಗೆ ಎಂದು ಬರೆದಿದ್ದರೆ ಆ 11 ತಿಂಗಳೂ ಅಷ್ಟೇ. ನಡುವೆ ಏರಿಸಬೇಕಾದರೆ ಅದೇ ಪತ್ರದಲ್ಲಿ ಹಾಗೆಂದು ಬರೆದಿರಬೇಕು, ಇಲ್ಲವೇ ನಾವು ಒಪ್ಪಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೇ ಹೆಚ್ಚಿನವರು 11 ತಿಂಗಳು ಬರೆಸುತ್ತಾರೆ.

"ವರ್ಷಕ್ಕ ಹತ್ತು ಪರ್ಸೆಂಟ್ ಏರಿಸೋದು ಕಾನೂನು ಅದ" ಎಂದು ಕೆಲವರು ಹೇಳುತ್ತಾರೆ. ಅದು ರೂಢಿ ಮಾತ್ರ, ಎಲ್ಲ ಮನೆಗೂ ಅನ್ವಯಿಸುವ ಕಾನೂನಲ್ಲ. ಕರಾರಿನಲ್ಲಿ ಬರೆದು ಸಹಿ ಮಾಡಿದರೆ ಮಾತ್ರ ಅದು ನಮ್ಮನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ.

ಅವಧಿ ಮುಗಿದಿದ್ದರೆ, ಕರಾರೇ ಇಲ್ಲದಿದ್ದರೆ?

ಆಗ ಮಾಲೀಕರು ಹೆಚ್ಚು ಬಾಡಿಗೆ ಕೇಳಬಹುದು. ಇದನ್ನು ಮುಚ್ಚಿಡದೆ ಹೇಳುತ್ತೇವೆ. ಆದರೆ ನಾವು ಒಪ್ಪುವವರೆಗೆ ಹಳೆಯ ಬಾಡಿಗೆಯೇ ಬಾಡಿಗೆ. ಒಪ್ಪದಿದ್ದರೆ ಮಾಲೀಕರು ಬಾಡಿಗೆ ಸಂಬಂಧವನ್ನು ಮುಗಿಸಬಹುದು. ಅದಕ್ಕೂ ಕ್ರಮವಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ, ತಿಂಗಳ ಬಾಡಿಗೆಯ ಮನೆಗೆ ಬೇರೆ ಕರಾರು ಇಲ್ಲದಿದ್ದರೆ, ಸಹಿ ಮಾಡಿದ ಲಿಖಿತ ನೋಟಿಸ್ ಕೊಟ್ಟು 15 ದಿನ ಕಾಲಾವಕಾಶ ನೀಡಬೇಕು. ಆಮೇಲೂ ಬಿಡಿಸಬೇಕಾದರೆ ನ್ಯಾಯಾಲಯಕ್ಕೆ ಹೋಗಬೇಕು. ಸಾಮಾನು ಹೊರಗೆ ಎಸೆಯುವ, ಬೀಗ ಜಡಿಯುವ ಅಧಿಕಾರ ಯಾರಿಗೂ ಇಲ್ಲ. ಹಾಗೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ 6 ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಕೇಳಬಹುದು.

ಹಾಗೆಂದು ನೋಟಿಸ್ ಬಂದ ಮೇಲೂ ಹಠ ಹಿಡಿದು ಕೂಡುವುದು ಜಾಣತನವಲ್ಲ. ಆ ಕಾಲಕ್ಕೆ ಹೆಚ್ಚಿನ ಹಣ ಕಟ್ಟಿ ಎಂದು ನ್ಯಾಯಾಲಯ ಹೇಳಬಹುದು.

ಬಾಡಿಗೆ ಕಾಯ್ದೆ ಏನು ಹೇಳುತ್ತದೆ?

ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಇದು ಎಲ್ಲ ಊರಿಗೆ, ಎಲ್ಲ ಮನೆಗೆ ಅನ್ವಯಿಸುವುದಿಲ್ಲ. ಕಾಯ್ದೆಯ ಅನುಸೂಚಿಯಲ್ಲಿ ಸೇರಿದ ಪ್ರದೇಶಗಳಿಗೆ ಮಾತ್ರ ಇದರ ರಕ್ಷಣೆ. ಅಲ್ಲಿಯೂ ಅನುಸೂಚಿಯ 'ಎ' ಭಾಗದ ಊರುಗಳಲ್ಲಿ ತಿಂಗಳಿಗೆ 3500, ಉಳಿದ ಕಡೆ 2000 ರೂಪಾಯಿ ಮೀರಿದ ಬಾಡಿಗೆಗೆ ಇದು ಅನ್ವಯಿಸುವುದಿಲ್ಲ. ಹೊಸದಾಗಿ ಕಟ್ಟಿದ ಮನೆಗೆ ಮೊದಲ 15 ವರ್ಷವೂ ಇಲ್ಲ. ಅಂಗಡಿಯಾದರೆ 14 ಚದರ ಮೀಟರ್ ಒಳಗಿನದಕ್ಕೆ ಮಾತ್ರ. ಡಬ್ಬಿ ಅಂಗಡಿ, ಹೊಲಿಗೆ ಅಂಗಡಿ ಇಟ್ಟ ಅಕ್ಕಂದಿರು ಇದನ್ನು ನೆನಪಿಡಿ.

ಈ ಕಾಯ್ದೆಗೆ ಸೇರುವ ಮನೆಯಲ್ಲಿ ಮಾಲೀಕರು ಒಪ್ಪಿಗೆ ಪಡೆದು ಖರ್ಚು ಮಾಡಿ ಹೊಸ ಸೌಕರ್ಯ ಮಾಡಿಸಿದರೆ ಬಾಡಿಗೆ ಏರಿಸಲು ಅವಕಾಶವಿದೆ. ಸುಣ್ಣ ಬಣ್ಣ, ಸಣ್ಣಪುಟ್ಟ ರಿಪೇರಿ ಅದಕ್ಕೆ ಲೆಕ್ಕವಿಲ್ಲ. ಹಾಗೆ ಏರಿಸುವಾಗಲೂ ನೋಟಿಸ್ ಕೊಟ್ಟು 30 ದಿನ ಕಳೆದ ಮೇಲೆಯೇ ಹೊಸ ಬಾಡಿಗೆ ಶುರು. ಬಾಡಿಗೆಗಾಗಿ ನೀರು, ಕರೆಂಟ್ ನಿಲ್ಲಿಸುವುದನ್ನೂ ಈ ಕಾಯ್ದೆ ತಡೆಯುತ್ತದೆ.

ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಯಾರಿಸಿತು. ಮೂರು ತಿಂಗಳ ಮೊದಲೇ ಲಿಖಿತ ನೋಟಿಸ್, ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎಂಬ ಮಾತು ಅದರದ್ದು. ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾಯ್ದೆಯಾಗಿ ಮಾಡಿಕೊಂಡರಷ್ಟೇ ಜಾರಿಗೆ ಬರುತ್ತದೆ. ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬಿ ಮಾಲೀಕರೊಡನೆ ಜಗಳಕ್ಕೆ ನಿಲ್ಲಬೇಡಿ.

ಕರೆಂಟ್ ಹೆಸರಿನಲ್ಲಿ ಏರಿಕೆ

2023ರ ಆಗಸ್ಟ್ 5ರಂದು ನಮ್ಮ ಕಲಬುರಗಿಯಲ್ಲೇ ಚಾಲನೆಗೊಂಡ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಪಾಲಿದೆ. ಬಿಲ್ಲು ಸೊನ್ನೆ ಬಂದಿದ್ದರೂ ಕರೆಂಟಿಗೆಂದು ಹಣ ಕೇಳಿದರೆ "ಬಿಲ್ ತೋರಸ್ರಿ" ಎಂದು ಕೇಳಿ. ಹೆಸರು ನೋಂದಾಯಿಸಲು ಬಾಡಿಗೆ ಕರಾರು ಪತ್ರ ಉಪಯೋಗಕ್ಕೆ ಬರುತ್ತದೆ.

ನಾವು ಮಾಡಬೇಕಾದದ್ದು

1. ಕರಾರು ಬರೆಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬಾಡಿಗೆ, ಮುಂಗಡ, ಅವಧಿ, ಏರಿಕೆ, ನೀರು-ಕರೆಂಟ್ ಎಲ್ಲವೂ ಅದರಲ್ಲಿರಲಿ.

2. ಪ್ರತಿ ತಿಂಗಳು ರಸೀದಿ ಪಡೆಯಿರಿ. ರಸೀದಿ ಕೊಡದಿದ್ದರೆ ಬ್ಯಾಂಕ್ ಖಾತೆಗೆ ಹಾಕಿ. ಸಂಘದ ಪುಸ್ತಕ ಬರೆಯುವ ನಮಗೆ ಇದು ಹೊಸದಲ್ಲ.

3. ತಕರಾರು ಇದ್ದರೂ ಹಳೆಯ ಬಾಡಿಗೆ ನಿಲ್ಲಿಸಬೇಡಿ. ಬಾಕಿ ಬಿದ್ದರೆ ತಪ್ಪು ನಮ್ಮದಾಗುತ್ತದೆ. ಮಾಲೀಕರು ಹಣ ತೆಗೆದುಕೊಳ್ಳದಿದ್ದರೆ ಮನಿ ಆರ್ಡರ್ ಮಾಡಿ ಚೀಟಿ ಕಾದಿಡಿ.

4. ಏರಿಕೆ ಕೇಳಿದರೆ "ಬರೆದು ಕೊಡ್ರಿ" ಎನ್ನಿ. ಇಬ್ಬರು ಸದಸ್ಯೆಯರನ್ನು ಜೊತೆಗೆ ಕರೆದುಕೊಂಡು ಹೋಗಿ ಸಮಾಧಾನದಿಂದ ಮಾತಾಡಿ. ಐನೂರು ಕೇಳಿದವರು ಇನ್ನೂರಕ್ಕೆ ಒಪ್ಪಬಹುದು.

5. ಬೆದರಿಕೆ ಬಂದರೆ ಜೇವರ್ಗಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಬಾಡಿಗೆ ಕಾಯ್ದೆ ನಿಮ್ಮ ಮನೆಗೆ ಅನ್ವಯಿಸುತ್ತದೆಯೇ ಎಂದೂ ಅಲ್ಲಿ ಕೇಳಿ. ಸಹಾಯವಾಣಿ 15100.

ನಮ್ಮ ಸಂಘಗಳಲ್ಲಿ ಒಂದು ಖೋಲಿ ಬಾಡಿಗೆ ಕೊಟ್ಟು ಸಂಸಾರ ತೂಗಿಸುವ ವಿಧವೆಯರೂ, ವಯಸ್ಸಾದವರೂ ಇದ್ದಾರೆ. ಅವರಿಗೂ ಈ ಮಾತು ಸಲ್ಲುತ್ತದೆ. ಬರವಣಿಗೆ ಇದ್ದರೆ ಅವರ ಬಾಡಿಗೆಯೂ ಭದ್ರ, ಬಾಡಿಗೆದಾರಳ ನೆಲೆಯೂ ಭದ್ರ.

ಮುಂದಿನ ವಾರದ ಸಭೆಗೆ ಬರುವಾಗ ನಿಮ್ಮ ಕರಾರು ಪತ್ರ ತನ್ನಿ. ಇಲ್ಲದವರು ಇಲ್ಲ ಎಂದು ಹೇಳಲು ನಾಚಬೇಡಿ. ಕೂಡಿ ಓದೋಣ, ಇಲ್ಲದವರಿಗೆ ಕೂಡಿಯೇ ಬರೆಸೋಣ.