ಹೆಸರಿಗಿಂತ ಮೊದಲು ನೆಲ: ಲಿಂಕನ್ನರ ಅಜ್ಜನ ಜಾಡು

ನಮ್ಮ ಗೋಷ್ಠಿಯಲ್ಲಿ ಕಾಸರಗೋಡು, ಹೊಸೂರು, ಸೊಲ್ಲಾಪುರದ ಮನೆತನಗಳ ಮಾತು ಬರುತ್ತಲೇ ಇರುತ್ತದೆ. ಇವತ್ತು ನಾನು ದೂರದ ಒಂದು ಮನೆತನವನ್ನು ಆರಿಸಿಕೊಂಡಿದ್ದೇನೆ: ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನರದು. ಅದರಲ್ಲೂ ಅದೇ ಹೆಸರಿನ ಅವರ ಅಜ್ಜನದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿನ 'ಫ್ರಾಂಟಿಯರ್' ಅಂದರೆ ನಮ್ಮ ಗಡಿನಾಡಲ್ಲ. ನಮ್ಮದು ಎರಡು ರಾಜ್ಯಗಳ ನಡುವಿನ ಗೆರೆ. ಅವರದು ವಲಸೆ ಬಂದವರು ಮೂಲನಿವಾಸಿಗಳ ನೆಲದೊಳಗೆ ಮುಂದೆ ಮುಂದೆ ಸರಿಸುತ್ತಾ ಹೋದ ಅಂಚು. ಅಜ್ಜ ಸತ್ತದ್ದೂ ಆ ಜಗಳದಲ್ಲೇ. ಕೆಂಟಕಿಯಲ್ಲಿ ಹೊಲದ ಕೆಲಸ ಮಾಡುತ್ತಿದ್ದಾಗ, 1786ರಲ್ಲಿ, ಮೂಲನಿವಾಸಿಗಳ ದಾಳಿಗೆ ಸಿಕ್ಕಿ ಸತ್ತರು.

ಮೊಮ್ಮಗನಿಗೆ ಇದೆಲ್ಲ ಎಷ್ಟು ಗೊತ್ತಿತ್ತು? 1859ರಲ್ಲಿ ಬರೆದ ಚಿಕ್ಕ ಆತ್ಮಕಥನದಲ್ಲಿ ಅವರು ಹೇಳಿದ್ದಿಷ್ಟು: ಅಜ್ಜ ವರ್ಜೀನಿಯಾದ ರಾಕಿಂಗ್‌ಹ್ಯಾಂ ಕೌಂಟಿಯಿಂದ 1781–82ರ ಹೊತ್ತಿಗೆ ಕೆಂಟಕಿಗೆ ಬಂದರು, ಒಂದೆರಡು ವರ್ಷದಲ್ಲೇ ಕೊಲೆಯಾದರು, ಅದಕ್ಕೂ ಹಿಂದಿನವರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯವರು. ನೋಡಿ, ಮನೆಮಾತು ಊರನ್ನು ಸರಿಯಾಗಿ ಹಿಡಿದಿದೆ, ಇಸವಿಯನ್ನು ಜಾರಿಸಿದೆ. ನ್ಯೂ ಇಂಗ್ಲೆಂಡಿನ ಲಿಂಕನ್ನರ ಜೊತೆ ಕೊಂಡಿ ಹುಡುಕಿದಾಗ ಕೆಲವು ಹೆಸರುಗಳ ಹೋಲಿಕೆ ಬಿಟ್ಟು ಬೇರೇನೂ ಸಿಗಲಿಲ್ಲ ಎಂದೂ ಬರೆದಿದ್ದಾರೆ. ಆ ಕೊಂಡಿ ನಿಜವೇ ಆಗಿತ್ತು. ಮುಂದೆ ಸಂಶೋಧಕರು ಜಮೀನು, ಉಯಿಲು, ಚರ್ಚಿನ ದಾಖಲೆಗಳನ್ನು ತಲೆಮಾರಿನಿಂದ ತಲೆಮಾರಿಗೆ ಹಿಂದಕ್ಕೆ ಹಿಡಿದು ಹೋಗಿ, 1637ರಲ್ಲಿ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸ್‌ಗೆ ಬಂದ ಸ್ಯಾಮ್ಯುಯೆಲ್ ಲಿಂಕನ್‌ವರೆಗೆ ತಲುಪಿದರು.

ಹೆಸರನ್ನೇ ನಂಬಿ ಹೊರಟರೆ ಏನಾಗುತ್ತದೆ? ಕೆಂಟಕಿಯ ಜಮೀನಿನ ಕಾಗದಗಳಲ್ಲಿ ಅಜ್ಜನ ಹೆಸರು 'ಲಿಂಕ್‌ಹಾರ್ನ್'. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ, ಅಷ್ಟೆ. ಇನ್ನೊಂದು ಕಡೆ, ಕೆಂಟಕಿಯಲ್ಲಿ ಲಿಂಕನ್ ಹೆಸರಿನ ಕೌಂಟಿಯೇ ಇದೆ. ಆದರೆ ಅದು ಜನರಲ್ ಬೆಂಜಮಿನ್ ಲಿಂಕನ್ ಅವರ ಹೆಸರು, ಈ ಅಜ್ಜನದಲ್ಲ. ಅಂದರೆ ಬೇರೆ ಹೆಸರಿನಲ್ಲಿ ನಮ್ಮವರು ಇರುತ್ತಾರೆ, ನಮ್ಮ ಹೆಸರಿನಲ್ಲಿ ಬೇರೆಯವರು ಇರುತ್ತಾರೆ.

ಅದಕ್ಕೇ ಮೊದಲು ಕೇಳಬೇಕಾದ್ದು: ಆ ವರ್ಷ ಆ ನೆಲ ಯಾವ ಆಡಳಿತಕ್ಕೆ ಸೇರಿತ್ತು? 1792ರವರೆಗೆ ಕೆಂಟಕಿ ವರ್ಜೀನಿಯಾದ ಭಾಗ. 1780ರಲ್ಲಿ ಅದನ್ನು ಮೂರು ಕೌಂಟಿ ಮಾಡಿದರು, ಆಮೇಲೆ ಇನ್ನೂ ಒಡೆಯುತ್ತಾ ಹೋದರು. ಮನೆ ಅಲ್ಲೇ ಇದ್ದರೂ ಕಾಗದ ಬೇರೆ ಬೇರೆ ಕಚೇರಿಯಲ್ಲಿ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರಿನಲ್ಲಿ ಊರು ಕದಲಲಿಲ್ಲ, ರಾಜ್ಯ ಬದಲಾಯಿತು, ಅಲ್ವಾ?

ಈ ಆಡಳಿತದ ಪ್ರಶ್ನೆಗೆ ಮನೆತನದ ಹಣೆಬರಹವೇ ಅಂಟಿಕೊಂಡಿತ್ತು. ಅಜ್ಜ ಉಯಿಲು ಬರೆಯದೆ ಸತ್ತರು. ಆಗ ನಡೆಯುತ್ತಿದ್ದುದು ವರ್ಜೀನಿಯಾದ ಹಳೆಯ ಕಾನೂನು: ಜಮೀನೆಲ್ಲ ಹಿರಿಯ ಮಗನಿಗೆ. ಅದನ್ನು ತೆಗೆದುಹಾಕಿದ ಹೊಸ ಕಾನೂನು ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ. ಕೆಲವೇ ತಿಂಗಳ ಅಂತರ! ಹಿರಿಯವ ಮಾರ್ಡಿಕೈಗೆ ಆಸ್ತಿ, ಕಿರಿಯವ ಥಾಮಸ್‌ಗೆ ಕೂಲಿ. ಅಧ್ಯಕ್ಷರ ತಂದೆ ಓದುಬರಹವಿಲ್ಲದೆ ಅಲೆದಾಡಿ ಬೆಳೆದದ್ದಕ್ಕೆ 'ಸೋಮಾರಿ' ಎಂಬ ಮಾತಿಗಿಂತ ಈ ತಾರೀಕು ಹೆಚ್ಚು ಹೇಳುತ್ತದೆ.

ಇನ್ನೊಂದು ಉದಾಹರಣೆ. ಥಾಮಸ್ ಮತ್ತು ನ್ಯಾನ್ಸಿ ಹ್ಯಾಂಕ್ಸ್ ಮದುವೆಯೇ ಆಗಿರಲಿಲ್ಲ ಅಂತ ಒಂದು ಗಾಳಿಮಾತು ಬಹಳ ಕಾಲ ಓಡಾಡಿತು. ಅವರು ಸಂಸಾರ ಹೂಡಿದ ಹಾರ್ಡಿನ್ ಕೌಂಟಿಯಲ್ಲಿ ಮದುವೆಯ ದಾಖಲೆ ಇರಲಿಲ್ಲ. ಇದ್ದದ್ದು ಹೆಣ್ಣಿನ ಕಡೆಯವರಿದ್ದ ವಾಷಿಂಗ್ಟನ್ ಕೌಂಟಿಯಲ್ಲಿ: 1806ರ ಜೂನ್ 12ರ ಮದುವೆ. ಅದು ಬೆಳಕಿಗೆ ಬರುವಷ್ಟರಲ್ಲಿ ಮಗ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು.

ಹಾಗಾಗಿ ನನ್ನ ವಾದ ಇಷ್ಟೇ. ಮನೆಮಾತನ್ನು ತಳ್ಳಿಹಾಕಬೇಡಿ, ಅದು ದಾರಿ ತೋರಿಸುತ್ತದೆ. ಆದರೆ ಒಂದೊಂದು ತಲೆಮಾರಿಗೂ ನೆಲ ಯಾವುದು, ಆಗಿನ ಕಚೇರಿ ಯಾವುದು, ಆಗಿನ ಕಾನೂನು ಏನು ಎಂದು ಕೇಳಿದ ಮೇಲೆ ಹೆಸರು ಹುಡುಕಿ. ಒಂದು ಕಚೇರಿಯಲ್ಲಿ ಕಾಗದ ಸಿಗಲಿಲ್ಲ ಎಂದ ಮಾತ್ರಕ್ಕೆ ಒಬ್ಬ ಹೆಣ್ಣುಮಗಳ ಮಾನದ ಬಗ್ಗೆ ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.