ಎರಡು ಕಡಲುಗಳ ನಡುವಣ ಗಾಳಿ

ಗಾಳಿ ಬೀಸುವುದನ್ನು ಎಲ್ಲರೂ ಬಲ್ಲರು. ಅದು ಎತ್ತಣಿಂದ ಎತ್ತ ಬೀಸುತ್ತಿದೆಯೆಂಬುದನ್ನು ಗಮನಿಸುವವರು ವಿರಳ. ಅಂಬಿಗನಿಗೆ ಈ ಅರಿವು ಜೀವನಾಧಾರ. ಕೈಟ್‌ಸರ್ಫಿಂಗ್ ಎಂಬ ಜಲಕ್ರೀಡೆಯಲ್ಲಿ ತೊಡಗುವವರಿಗೂ ಅದು ಪ್ರಾಣಾಧಾರವೇ ಸರಿ. ದೊಡ್ಡ ಗಾಳಿಪಟವೊಂದರ ಉದ್ದನೆಯ ದಾರಗಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಹಲಗೆಯ ಮೇಲೆ ನಿಂತು, ಗಾಳಿಯ ಸೆಳೆತದಿಂದಲೇ ನೀರಿನ ಮೇಲೆ ಸಾಗುವ ಆಟವಿದು. ತಮಿಳುನಾಡಿನ ರಾಮೇಶ್ವರ ದ್ವೀಪವು ಈ ಆಟಕ್ಕೆ ಹೆಸರಾದ ತಾಣಗಳಲ್ಲೊಂದು.

ಈ ದ್ವೀಪದಿಂದ ಧನುಷ್ಕೋಡಿಯತ್ತ ಮರಳಿನ ನಾಲಗೆಯೊಂದು ಆಗ್ನೇಯಕ್ಕೆ ಚಾಚಿಕೊಂಡಿದೆ. ಅದರ ಒಂದು ಮಗ್ಗುಲಿಗೆ ಮನ್ನಾರ್ ಕೊಲ್ಲಿ, ಮತ್ತೊಂದು ಮಗ್ಗುಲಿಗೆ ಆಳವಿಲ್ಲದ ಪಾಕ್ ಕೊಲ್ಲಿ. ದಕ್ಷಿಣ ಭಾರತದ ಬೆಟ್ಟಗಳಿಗೂ ಶ್ರೀಲಂಕೆಯ ಮಲೆನಾಡಿಗೂ ನಡುವಣ ಈ ಸಂದಿಯಲ್ಲಿ ಗಾಳಿಯು ಇಕ್ಕಟ್ಟಿಗೆ ಸಿಕ್ಕು ವೇಗವನ್ನು ಪಡೆಯುತ್ತದೆ.

ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ಕಾಲ. ವಿಶಾಲವಾದ ನೀರಿನ ಮೇಲೆ ಗಾಳಿಯು ಓಡಿದಷ್ಟೂ ತೆರೆಗಳು ಬೆಳೆಯುತ್ತವೆ. ಆದಕಾರಣ ಆಗ ಮನ್ನಾರ್ ಕೊಲ್ಲಿಯ ತೀರದಲ್ಲಿ ಅಲೆಗಳ ಅಬ್ಬರ. ಅದೇ ಗಾಳಿಯು ಮರಳದಂಡೆಯನ್ನು ದಾಟಿ ಪಾಕ್ ಕೊಲ್ಲಿಗೆ ಇಳಿಯುವಾಗ, ದಡದ ಬಳಿ ತೆರೆಯೇಳಲು ಅವಕಾಶವೇ ಇರುವುದಿಲ್ಲ. ನೀರು ಕೆರೆಯಂತೆ ಸಮತಲವಾಗಿರುತ್ತದೆ. ಈಶಾನ್ಯ ಮಾರುತದ ಕಾಲ ಬಂದೊಡನೆ ಈ ನೋಟ ತಿರುವುಮುರುವಾಗುತ್ತದೆ: ಪಾಕ್ ಕೊಲ್ಲಿಯ ದಡದಲ್ಲಿ ತೆರೆ, ಮನ್ನಾರ್ ಕೊಲ್ಲಿಯ ದಡದಲ್ಲಿ ಶಾಂತಿ.

ಆದರೆ ಈ ಶಾಂತಿಯನ್ನು ನಂಬುವವನು ಮೋಸಹೋಗುತ್ತಾನೆ. ದಡದ ನೀರನ್ನು ನುಣುಪಾಗಿಸಿದ ಗಾಳಿಯೇ ಅವನನ್ನು ನಡುಗಡಲಿಗೆ ಎಳೆದೊಯ್ಯುವ ಗಾಳಿ. ದೂರ ಹೋದಂತೆಲ್ಲ ತೆರೆ ಹೆಚ್ಚುತ್ತದೆ; ಪಟವು ನೀರಿಗೆ ಬಿದ್ದರೆ ಮರಳುವ ದಾರಿ ಕಾಣದು. ಅಲೆಯುಳ್ಳ ದಡವು ಭಯವನ್ನು ಹುಟ್ಟಿಸಿ ಎಚ್ಚರಿಸುತ್ತದೆ. ಅಲೆಯಿಲ್ಲದ ದಡವು ಕರೆದು ಕೆಡಿಸುತ್ತದೆ. ದಡಕ್ಕೆ ನೇರವಾಗಿ ನುಗ್ಗುವ ಗಾಳಿಯೂ ಆಟಗಾರನನ್ನು ನೆಲಕ್ಕೆ ಅಪ್ಪಳಿಸಬಲ್ಲದು. ಆದ್ದರಿಂದ ದಡದ ಉದ್ದಕ್ಕೆ, ತುಸು ಓರೆಯಾಗಿ ದಡದತ್ತ ಬೀಸುವ ಗಾಳಿಯೇ ಕಲಿಯುವವನಿಗೆ ಹಿತ. ದಡದಿಂದ ಹೊರಕ್ಕೆ ಬೀಸುವ ಗಾಳಿಯಲ್ಲಿ ರಕ್ಷಣೆಯ ದೋಣಿಯಿಲ್ಲದೆ ನೀರಿಗಿಳಿಯಲಾಗದು.

ಇನ್ನೊಂದು ಲೆಕ್ಕವೂ ನೆನಪಿನಲ್ಲಿರಬೇಕು. ಗಾಳಿಯ ವೇಗವು ಇಮ್ಮಡಿಯಾದರೆ ಪಟದ ಮೇಲಣ ಒತ್ತಡವು ಇಮ್ಮಡಿಯಾಗದೆ ನಾಲ್ಮಡಿಯಾಗುತ್ತದೆ. ಗಾಳಿ ಬಲಿತಂತೆ ಅನುಭವಿಗಳು ಚಿಕ್ಕ ಪಟವನ್ನು ಆರಿಸಿಕೊಳ್ಳುವುದು ಅಂಜಿಕೆಯಿಂದಲ್ಲ, ಈ ಗಣಿತವನ್ನು ಬಲ್ಲುದರಿಂದ.

1964ರ ಡಿಸೆಂಬರ್ ತಿಂಗಳ ಚಂಡಮಾರುತವು ಧನುಷ್ಕೋಡಿ ಪಟ್ಟಣವನ್ನೂ, ಅದರತ್ತ ಬರುತ್ತಿದ್ದ ರೈಲನ್ನೂ ಒಂದೇ ರಾತ್ರಿಯಲ್ಲಿ ನುಂಗಿತು. ಮುರಿದ ಗೋಡೆಗಳು ಇಂದಿಗೂ ಆ ಮರಳಿನಲ್ಲಿ ನಿಂತಿವೆ. ಅದೇ ತೀರದಲ್ಲಿಂದು ಬಣ್ಣದ ಪಟಗಳು ಹಾರಾಡುತ್ತಿವೆ. ಪಟವನ್ನು ಬಿಚ್ಚುವ ಮುನ್ನ ಒಂದು ಹಿಡಿ ಮರಳನ್ನು ತೂರಿ, ಅದು ಎತ್ತ ಸಾಗುವುದೆಂದು ನೋಡುವವನೇ ಅಲ್ಲಿ ನಿಜವಾದ ವಿದ್ಯಾರ್ಥಿ.